ಮೂರನೆಯ ಮಡಿಕೆ

"ಬಾಯ್ ಮುಚ್ಚು ಅಂದೆ. ಇನ್ನೊಂದು ಮಾತಾಡಿದ್ರೆ ಹಲ್ಲು ಉದುರಿಸ್ತೀನಿ."

"ಉದುರಿಸು. ಬೊಚ್ಚು ಬಾಯಲ್ಲೇ ಹೋಗಿ ಹೇಳ್ತೀನಿ."

"ಏನಂತ ಹೇಳ್ತೀಯ? ಡಾಕ್ಟರು ನಿನ್ನ ಕಾಗದ ಬರೆದು, ಸಹಿ ಹಾಕಿ ಇಟ್ಕೊಂಡು ಕೂತಿದ್ದಾರೆ. ಹೋಗಿ ಈಸ್ಕೋ, ಮೂರು ಗಂಟೆ ರೈಲು ಹತ್ತು. ಅಷ್ಟೇ ನಿನ್ನ ಕೆಲಸ. ನಾಳೆ ಆ ಕಾಲೇಜಿನವರ ಮುಂದೆ ನಿಂತು ಎಷ್ಟು ಬೇಕಾದ್ರೂ ಬಾಯಿ ಬಿಡು."

"ಸುಳ್ಳಿನ ಮೇಲೆ ಬರೆದ ಕಾಗದ ನಂಗೆ ಬೇಡ."

"ಸುಳ್ಳು ನಂದು ಕಣೇ! ನಾನು ಹೇಳಿದ್ದು. ನನ್ನ ಸುಳ್ಳನ್ನ ವಾಪಸ್ ತಗೊಳ್ಳೋಕೆ ನೀನು ಯಾವಳು?"

ಅಪ್ಪ ಅಂಗಿಯ ಒಂದೇ ತೋಳು ಹಾಕಿಕೊಂಡು ನಿಂತಿದ್ದ. ಇನ್ನೊಂದು ತೋಳು ಬೆನ್ನ ಹಿಂದೆ ಜೋತಾಡುತ್ತಿತ್ತು. ಸಿಟ್ಟಿನಲ್ಲಿ ಅದನ್ನು ಹುಡುಕುತ್ತ ಅವನು ನಿಂತಲ್ಲೇ ಸುತ್ತುತ್ತಿದ್ದ. ಬೇರೆ ದಿನವಾಗಿದ್ದರೆ ಮಗಳಿಗೆ ನಗು ಬರುತ್ತಿತ್ತು. ಒಲೆಯ ಮುಂದೆ ಕೂತಿದ್ದ ಸೋದರತ್ತೆ ತಲೆ ಎತ್ತದೆ, "ಒಂದು ಕೆಲಸ ಮಾಡಿ. ಇಬ್ರೂ ಹೋಗಿ ಬೀದಿ ನಡುವೆ ನಿಂತು ಕೂಗಾಡಿ. ಪಕ್ಕದ ಮನೆಯವಳು ಪಾಪ ಗೋಡೆಗೆ ಕಿವಿ ಆನಿಸಿ ಆನಿಸಿ ಕುತ್ತಿಗೆ ನೋವು ಅಂತಿದ್ಲು" ಎಂದಳು. ಅಪ್ಪ ತಂಗಿಯ ಕಡೆ ಕೆಕ್ಕರಿಸಿ ನೋಡಿ, ಕೊನೆಗೂ ಸಿಕ್ಕ ತೋಳಿನೊಳಗೆ ಕೈ ತೂರಿಸಿ, ಗುಂಡಿಗಳನ್ನು ಒಂದು ಮನೆ ತಪ್ಪಿಸಿ ಹಾಕಿಕೊಂಡು ಹೊರಟ. ಅಂಗಿಯ ತುಂಬ ಎಣ್ಣೆಯ ಕಲೆ. ಆರು ತಿಂಗಳಿಂದ ಅವನು ಎಣ್ಣೆ ಅಂಗಡಿಯಲ್ಲಿ ಶೀಶೆಗಳಿಗೆ ಎಣ್ಣೆ ತುಂಬಿಸುವ ಕೆಲಸ ಮಾಡುತ್ತಿದ್ದ. ಅದಕ್ಕೆ ಮುಂಚೆ ಇಪ್ಪತ್ತೆರಡು ವರ್ಷ ಆಸ್ಪತ್ರೆಯ ಕಾಂಪೌಂಡರ್. ಹೊಸ್ತಿಲ ಮೇಲೆ ನಿಂತು, ತಿರುಗದೆ, ಅವನು ಸ್ವಲ್ಪ ದನಿ ತಗ್ಗಿಸಿ ಹೇಳಿದ: "ಮಧ್ಯಾಹ್ನ ಊಟಕ್ಕೆ ಬರ್ತೀನಿ. ಆಮೇಲೆ ನಾನೇ ಸ್ಟೇಷನ್ನಿಗೆ ಬಿಡ್ತೀನಿ. ಅಳ್ತಾ ಗಿಳ್ತಾ ಹೋಗ್ಬೇಡ ಅವರ ಹತ್ರ. ಮೂಗು ಕೆಂಪಾದ್ರೆ ಕೋತಿ ಥರ ಕಾಣ್ತೀಯ."

ಅವನು ಹೋದ ಮೇಲೆ ಅತ್ತೆ, "ಡಾಕ್ಟ್ರಮ್ಮಾ, ಕಾಲು ಹಿಡ್ಕೊತೀನಿ, ಸುಮ್ಮನೆ ಹೋಗಿ ಸುಮ್ಮನೆ ಬಾ" ಎಂದಳು. "ಡಾಕ್ಟ್ರಮ್ಮ" ಅನ್ನುವುದನ್ನು ಅತ್ತೆ ಎಂಟು ವರ್ಷದಿಂದ ಚುಚ್ಚುವುದಕ್ಕೇ ಇಟ್ಟುಕೊಂಡಿದ್ದಳು. ಮದುವೆಗೆ ಗಂಡು ಬಂದರೆ ಇವಳು ಮುಖ ನೋಡುವುದಿಲ್ಲ, ಪಕ್ಕೆಲುಬು ಎಣಿಸುತ್ತಾಳೆ ಎಂದು ನೆಂಟರೆಲ್ಲರ ಮುಂದೆ ಹೇಳಿ ನಗಿಸಿದ್ದಳು. ಈಗ ಆ ಮಾತಿನ ಮೊನೆ ಎಲ್ಲೋ ಮುರಿದಿತ್ತು. ಹುಡುಗಿ ಕನ್ನಡಿಯ ಮುಂದೆ ನಿಂತು ಕೂದಲು ಬಿಗಿದು ಕಟ್ಟಿಕೊಂಡಳು. ಕೂದಲು ಸಡಿಲವಾಗಿದ್ದರೆ ಕಾಲೇಜಿನವರು ಚಂಚಲೆ ಅಂದುಕೊಳ್ಳುತ್ತಾರೆ, ತೀರ ಬಿಗಿಯಾಗಿದ್ದರೆ ಗಂಡುಬೀರಿ ಅಂದುಕೊಳ್ಳುತ್ತಾರೆ. ಆ ಮೆಡಿಕಲ್ ಕಾಲೇಜು ಶುರುವಾಗಿ ನಲವತ್ತು ವರ್ಷವಾದ ಮೇಲೆ ಇದೇ ಮೊದಲ ಸಲ ಹೆಣ್ಣುಮಕ್ಕಳನ್ನು ತೆಗೆದುಕೊಳ್ಳುತ್ತಿದ್ದರು. ಅದೂ ಇಬ್ಬರನ್ನು. ಯಾವುದಾದರೂ ಸರಕಾರಿ ಡಾಕ್ಟರು ಈ ಹುಡುಗಿಯ ನಡತೆಗೂ ಕೈಗೂ ನಾನು ಜವಾಬ್ದಾರ ಎಂದು ಬರೆದುಕೊಡಬೇಕಾಗಿತ್ತು. ನಡತೆಗೂ ಕೈಗೂ. ಅವಳು ಕನ್ನಡಿಯಲ್ಲಿ ತನ್ನ ಕೈ ನೋಡಿಕೊಂಡಳು. ಅದು ಹೇರ್‌ಪಿನ್ನು ಹಿಡಿದುಕೊಂಡಿತ್ತು, ಯಾರದೋ ಕೈಯ ಹಾಗೆ.

ಆಸ್ಪತ್ರೆಯ ಔಷಧಿ ಬೆರೆಸುವ ಕೋಣೆಗೆ ಒಂದೇ ಕಿಟಕಿ, ಅದರ ಕೆಳಗೆ ಉದ್ದನೆಯ ಕಲ್ಲಿನ ಮೇಜು, ಮೇಜಿನ ಕೊನೆಗೆ ಡಾಕ್ಟರ ಹಳೆಯ ಪುಸ್ತಕಗಳ ಕಪಾಟು. ಆ ಕಪಾಟಿಗೋಸ್ಕರ ಅವಳು ಹದಿಮೂರನೆಯ ವಯಸ್ಸಿನಿಂದ ಅಲ್ಲಿಗೆ ಹೋಗುತ್ತಿದ್ದಳು. ಹೊರಗಿನವರು ಆ ಕೋಣೆಗೆ ಕಾಲಿಡಬಾರದು ಎಂಬ ಫಲಕ ಬಾಗಿಲ ಮೇಲೇ ಇತ್ತು. ಅಪ್ಪ ಆ ಫಲಕದ ಮೊಳೆಗೆ ತನ್ನ ಟೋಪಿ ನೇತುಹಾಕುತ್ತಿದ್ದ. ಓದುವುದಕ್ಕೆ ಬಂದವಳು ಸುಮ್ಮನೆ ಕೂರಲಾರದೆ ಶೀಶೆ ತೊಳೆದಳು, ಆಮೇಲೆ ಚೀಟಿ ಬರೆದಳು, ಆಮೇಲೆ ಪಟ್ಟಿ ಕತ್ತರಿಸಿದಳು. ಓದು ಬರದವರೂ ಔಷಧಿಯನ್ನು ಸರಿಯಾಗಿ ಕುಡಿಯಬೇಕಲ್ಲ, ಅದಕ್ಕೆ ಶೀಶೆಯ ಪಕ್ಕಕ್ಕೆ ಒಂದು ಕಾಗದದ ಪಟ್ಟಿ ಅಂಟಿಸುತ್ತಿದ್ದರು. ಶೀಶೆಯೊಳಗಿನ ಔಷಧಿ ಎಷ್ಟು ಎತ್ತರವೋ ಅಷ್ಟುದ್ದದ ಪಟ್ಟಿ. ಅದನ್ನು ಒಂದು ಸಲ ಮಡಚಿದರೆ ಎರಡು ಮನೆ, ಎರಡು ಸಲಕ್ಕೆ ನಾಲ್ಕು, ಮೂರು ಸಲಕ್ಕೆ ಎಂಟು. ಮಡಿಕೆಯ ಅಂಚಿಗೆ ಕಚ್ಚು ಹಾಕಿ ಬಿಚ್ಚಿದರೆ ಏಣಿಯ ಹಾಗೆ ಗುರುತು ಬರುತ್ತಿತ್ತು. ಒಂದು ಹೊತ್ತಿಗೆ ಒಂದು ಮನೆ ಇಳಿಯಬೇಕು. ಅಷ್ಟೇ. ಚಿಕ್ಕ ಮಕ್ಕಳೂ ಮಾಡುವ ಕೆಲಸ.

ಆರು ತಿಂಗಳ ಹಿಂದೆ ಒಂದು ದಿನ ಅಪ್ಪ ಎದೆಬಡಿತದ ಔಷಧಿ ಬೆರೆಸಿ, ಬೆಳಕಿಗೆ ಹಿಡಿದು ನೋಡಿ, ಬಿರಡೆ ಹಾಕಿ ಅವಳ ಕಡೆಗೆ ತಳ್ಳಿ, "ಎಂಟು" ಅಂದ. ಹೊರಗೆ ಯಾರೋ ಕೂಗಿದರೆಂದು ಹೋದ. ಅವಳ ಎಡಗಡೆ ಪುಸ್ತಕ ತೆರೆದಿತ್ತು, ಮಣಿಕಟ್ಟಿನ ಪುಟ. ಮಣಿಕಟ್ಟಿನಲ್ಲಿ ಎಂಟು ಮೂಳೆ, ಎರಡು ಸಾಲು, ಸಾಲಿಗೆ ನಾಲ್ಕು. ನೋಡದೆ ಹೇಳಬೇಕೆಂದು ಕಣ್ಣು ಮುಚ್ಚಿ ಮೊದಲ ಸಾಲಿನ ಹೆಸರುಗಳನ್ನು ಒಂದೊಂದಾಗಿ ಹೇಳಿದಳು. ನಾಲ್ಕೂ ಸರಿಯಾಗಿ ಬಂದವು. ಎಂಥ ಸಂತೋಷವಾಯಿತು! ಆ ಸಂತೋಷದಲ್ಲೇ ಕೈ ಪಟ್ಟಿಯನ್ನು ಕತ್ತರಿಸಿ ಬಿಚ್ಚಿ ಅಂಟಿಸಿಬಿಟ್ಟಿತು. ಎರಡೇ ಮಡಿಕೆ. ನಾಲ್ಕೇ ಮನೆ. ಎಂಟು ಹೊತ್ತಿನ ಔಷಧಿಗೆ ನಾಲ್ಕು ಮನೆ, ಅಂದರೆ ಹೊತ್ತಿಗೆ ಎರಡರಷ್ಟು. ಯಾವಾಗಲೂ ಎಣಿಸುತ್ತಿದ್ದ ಅಪ್ಪ ಆವತ್ತು ಒಳಗೆ ಬಂದು ಎಣಿಸಲಿಲ್ಲ. ಅವಳ ಮುಖ ನೋಡಿದ. "ಏನೇ, ಗೆದ್ದ ಹಾಗೆ ಕೂತಿದ್ದೀಯ?" ಎಂದು ನಕ್ಕು, ಶೀಶೆಯನ್ನು ಕಿಟಕಿಯಿಂದ ಹೊರಗೆ ಕೊಟ್ಟ. ಹೊರಗೆ ಕೈ ಚಾಚಿ ನಿಂತಿದ್ದವನು ಗಡಿಯಾರ ರಿಪೇರಿಯವನು. ಶೀಶೆ ಅವನ ಹೆಂಡತಿಗೆ.

ಅವಳು ಹನ್ನೊಂದಕ್ಕೆ ಮನೆ ಬಿಟ್ಟಳು. ಆಸ್ಪತ್ರೆಗೆ ಎರಡು ದಾರಿ ಇದ್ದವು. ಹಿಂದಿನ ದಾರಿಯಲ್ಲಿ ಹೋದರೆ ಗಡಿಯಾರದ ಅಂಗಡಿ ಸಿಗುತ್ತಿರಲಿಲ್ಲ. ಆರು ತಿಂಗಳು ಆ ದಾರಿಯಲ್ಲೇ ಓಡಾಡಿದ್ದಳು. ಇವತ್ತು ಹೇಳುವುದಕ್ಕೆಂದೇ ಹೊರಟವಳು ಹಿಂದಿನ ದಾರಿ ಹಿಡಿದರೆ ಕಳ್ಳಿಯ ಹಾಗಾಗುತ್ತದೆ ಎನ್ನಿಸಿ ಮುಂದಿನ ದಾರಿಯನ್ನೇ ಹಿಡಿದಳು. ಅವನು ಕಣ್ಣಿಗೆ ಕಪ್ಪು ಕೊಳವೆಯಂಥ ಗಾಜು ಸಿಕ್ಕಿಸಿಕೊಂಡು ಬಾಗಿದ್ದ. ದಾಟಿಹೋಗಬಹುದಿತ್ತು. ದಾಟುವಷ್ಟರಲ್ಲಿ "ಬಾಮ್ಮ" ಎಂದ, ಗಾಜು ತೆಗೆಯದೆ. ಗೋಡೆಯ ಮೇಲೆ ಇಪ್ಪತ್ತು ಮೂವತ್ತು ಗಡಿಯಾರ. ಎಲ್ಲವೂ ಒಂದೇ ಹೊತ್ತು ತೋರಿಸುತ್ತಿದ್ದವು. ಆ ಮನುಷ್ಯ ಅಂಥವನು. ಹೆಂಡತಿಗೆ ಔಷಧಿಯನ್ನೂ ಹಾಗೇ ಕೊಟ್ಟಿದ್ದ. ಬೇರೆಯವರಾಗಿದ್ದರೆ ಒಂದು ಹೊತ್ತು ಮರೆಯುತ್ತಿದ್ದರು, ಗುರುತಿಗಿಂತ ಸ್ವಲ್ಪ ಕಡಿಮೆ ಬಗ್ಗಿಸುತ್ತಿದ್ದರು, ರೋಗಿ ಕಹಿಯೆಂದು ಮುಖ ಸಿಂಡರಿಸಿದರೆ ಅರ್ಧಕ್ಕೆ ಬಿಡುತ್ತಿದ್ದರು. ಇವನು ಬೆಳಿಗ್ಗೆ ಎಂಟಕ್ಕೆ, ಮಧ್ಯಾಹ್ನ ಎರಡಕ್ಕೆ, ರಾತ್ರಿ ಎಂಟಕ್ಕೆ, ಶೀಶೆಯನ್ನು ಕಣ್ಣಿನ ಮಟ್ಟಕ್ಕೆ ಹಿಡಿದು, ಪಟ್ಟಿಯ ಗೆರೆಗೆ ಸರಿಯಾಗಿ ಬಗ್ಗಿಸಿದ್ದ. ನಾಲ್ಕನೆಯ ಹೊತ್ತಿಗೆ ಶೀಶೆ ಬರಿದಾಯಿತು. ಆ ಮಧ್ಯಾಹ್ನವೇ ಅವನ ಹೆಂಡತಿ ತೀರಿಹೋದಳು. ವಿಚಾರಣೆಯಲ್ಲಿ ಅವನು ಹೇಳಿದ್ದು ಒಂದೇ ಮಾತು: "ಒಂದು ಹನಿ ಹೆಚ್ಚು ಕೊಟ್ಟಿಲ್ಲ ಸ್ವಾಮಿ, ಒಂದು ಹನಿ ಕಮ್ಮಿ ಕೊಟ್ಟಿಲ್ಲ."

"ಡಾಕ್ಟರ್ ಓದೋಕೆ ಹೋಗ್ತಿದ್ದೀಯಂತೆ."

"ಹೂಂ."

"ಒಳ್ಳೇದಾಗ್ಲಿ. ನೀನು ಬುದ್ಧಿವಂತೆ ಅಂತ ಇವಳೂ ಹೇಳೋಳು. ಕಿಟಕಿ ಹತ್ರ ನಿನ್ನ ನೋಡಿದ್ಲಂತೆ, ಎಷ್ಟು ಮುದ್ದಾಗಿ ಚೀಟಿ ಬರೀತಾಳೆ ಅನ್ನೋಳು." ಅವನು ಈಗ ಗಾಜು ತೆಗೆದ. ಕಣ್ಣಿನ ಸುತ್ತ ಕೆಂಪು ಉಂಗುರ ಬಿದ್ದಿತ್ತು. "ನಿಮ್ಮಪ್ಪ ಈ ದಾರೀಲಿ ಬಂದ್ರೆ ನಾನು ಎದ್ದು ಒಳಗೆ ಹೋಗ್ತೀನಿ. ಉಗಿದುಬಿಟ್ಟೇನು ಅಂತ ಭಯ. ಆದ್ರೆ ಅವನ ಪಾಪ ನಿನಗ್ಯಾಕಮ್ಮ? ನೀನು ಹೋಗು. ಅವನ ಥರ ಆಗ್ಬೇಡ, ಅಷ್ಟೇ."

ಇಲ್ಲೇ ಹೇಳಿಬಿಡಬೇಕು, ಈ ಗಡಿಯಾರಗಳ ಮುಂದೆ. ಬಾಯಿ ತೆರೆದಳು. ಅಷ್ಟರಲ್ಲಿ ಹನ್ನೊಂದೂವರೆಯಾಗಿ ಗೋಡೆಯ ಮೇಲಿನವೆಲ್ಲ ಒಟ್ಟಿಗೆ ಒಂದೊಂದು ಸಲ ಹೊಡೆದವು. ಅವನು ಯಾವುದೋ ಒಂದು ಕೂದಲೆಳೆಯಷ್ಟು ಹಿಂದೆ ಬಿತ್ತೆಂದು ಎದ್ದುಹೋದ. ಅವಳು ತೆರೆದ ಬಾಯಿ ಮುಚ್ಚಿಕೊಂಡು ಬೀದಿಗಿಳಿದಳು. ಉಸಿರು ಹಗುರವಾಯಿತು. ಹಗುರವಾಯಿತಲ್ಲ ಎಂದು ತನ್ನ ಮೇಲೇ ಹೇಸಿಗೆಯಾಯಿತು. ಅಪ್ಪನ ಥರ ಆಗಬೇಡ ಎಂದಿದ್ದ. ಅಪ್ಪನ ಥರ ಆಗುವ ಯೋಗ್ಯತೆ ಯಾರಿಗಿತ್ತು?

ಅಪ್ಪ ಒಪ್ಪಿಕೊಂಡ ದಿನ ಅವಳು ಆಸ್ಪತ್ರೆಯ ಅಂಗಳದ ನೀರಿನ ತೊಟ್ಟಿಯ ಹತ್ತಿರ ನಿಂತಿದ್ದಳು. ಡಾಕ್ಟರು ಹೊರ ಪಡಸಾಲೆಯಲ್ಲಿ ಎಲ್ಲರನ್ನೂ ಸೇರಿಸಿದ್ದರು. ದಾದಿಯರು, ಗುಡಿಸುವವರು, ಅಡಿಗೆಯವನು, ಬೆಂಚಿನ ಮೇಲೆ ಸಾಲಾಗಿ ಕೂತ ರೋಗಿಗಳು. ಅಪ್ಪ ಮುಂದೆ ಬಂದು, "ನನ್ನ ಕೈತಪ್ಪು" ಎಂದ. "ಜೋರಾಗಿ ಹೇಳಪ್ಪ, ಹಿಂದಿನವರಿಗೆ ಕೇಳಿಸ್ತಿಲ್ಲ" ಎಂದರು ಡಾಕ್ಟರು. ಇನ್ನೊಮ್ಮೆ ಹೇಳಿದ. ಮೇಲಧಿಕಾರಿಯ ಗುಮಾಸ್ತ ಬರೆದುಕೊಳ್ಳುತ್ತಿದ್ದವನು ತಲೆ ಎತ್ತಿದ. ಮೂರನೆಯ ಸಲ ಹೇಳಿದ. ಮನೆಯಲ್ಲಿ ಬೀದಿ ಕೊನೆಗೆ ಕೇಳುವಂತೆ ಕೂಗಾಡುವ ಮನುಷ್ಯ, ಆವತ್ತು ಅವನ ದನಿ ಮಕ್ಕಳ ದನಿಯಂತೆ ಒಡೆಯಿತು. ಆಮೇಲೆ ಸೊಂಟದಿಂದ ಕೀಲಿಗೊಂಚಲು ಬಿಚ್ಚಿ ಕೊಟ್ಟ. ಇಪ್ಪತ್ತೆರಡು ವರ್ಷ ಅಲ್ಲಿ ತೂಗಿದ್ದರಿಂದ ಪಂಚೆಯ ಆ ಜಾಗ ತೇಪೆ ಹಾಕಿ ಹಾಕಿ ದಪ್ಪಗಾಗಿತ್ತು. ಬೆಂಚಿನ ಮೇಲಿದ್ದ ಮುದುಕನೊಬ್ಬ, "ಕುಡಿದಿದ್ನೇನೋ" ಎಂದ. ಪಕ್ಕದವನು, "ಮುಖ ನೋಡಿದ್ರೇ ಗೊತ್ತಾಗಲ್ವಾ" ಎಂದ. ಜೀವಮಾನದಲ್ಲಿ ಒಂದು ತೊಟ್ಟು ಕುಡಿಯದ ಮನುಷ್ಯ. ಅವಳು ತೊಟ್ಟಿಯ ಅಂಚು ಹಿಡಿದುಕೊಂಡು ನಿಂತೇ ಇದ್ದಳು. ಹೆಜ್ಜೆ ಮುಂದಿಡಲಿಲ್ಲ. ಆವತ್ತು ಮನೆಯಲ್ಲಿ ಅಪ್ಪ ಊಟಕ್ಕೆ ಕೂತು, "ಆ ಹೆಂಗಸಿನ ಹೃದಯ ಮೊದಲೇ ಹೋಗಿತ್ತು. ಎಂಟು ಮನೆ ಇದ್ರೂ ಹೋಗ್ತಿದ್ಲು. ಇನ್ಮೇಲೆ ಈ ಮಾತು ಈ ಮನೇಲಿ ಬೇಡ" ಎಂದು ಎರಡು ಸಲ ಬಡಿಸಿಕೊಂಡು ಉಂಡ. ಹೋಗುತ್ತಿದ್ದಳೇ? ಯಾವ ಪುಸ್ತಕದಲ್ಲೂ ಅದಕ್ಕೆ ಉತ್ತರ ಇರಲಿಲ್ಲ. ಅವಳು ಹುಡುಕಿದ್ದಳು.

ಡಾಕ್ಟರು ಪೆನ್ಸಿಲು ಕೆತ್ತುತ್ತ ಕೂತಿದ್ದರು. ಮೇಜಿನ ಮೇಲೆ ಕಾಗದ ಸಿದ್ಧವಾಗಿತ್ತು. ಕೂರಲು ಹೇಳಿದರು. ಅವಳು ಕೂರಲಿಲ್ಲ. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತುಗಳೆಲ್ಲ ಎತ್ತಲೋ ಹೋಗಿ, "ಆ ಪಟ್ಟಿ ಕತ್ತರಿಸಿದ್ದು ನಾನು" ಎಂದಷ್ಟೇ ಹೊರಬಂತು.

ಅವರು ಪೆನ್ಸಿಲಿನ ಮೊನೆಗೆ ಊದಿದರು. "ಗೊತ್ತು" ಎಂದರು.

ಅವಳಿಗೆ ಅರ್ಥವಾಗಲಿಲ್ಲ. ಇನ್ನೊಮ್ಮೆ ಹೇಳಲು ಹೊರಟಳು.

"ಗೊತ್ತು ಅಂದ್ನಲ್ಲಮ್ಮ. ಇಪ್ಪತ್ತೆರಡು ವರ್ಷ ನಿಮ್ಮಪ್ಪನ ಶೀಶೆ ನೋಡಿದ್ದೀನಿ. ಅವನು ಕತ್ತರಿ ಮುಟ್ಟಿದೋನೇ ಅಲ್ಲ. ಅಂಟು ಸವರೋ ಚಾಕೂಲಿ ಕಚಕ್ ಅಂತ ಕೊಚ್ತಿದ್ದ, ಇಲಿ ಕಡಿದ ಹಾಗಿರೋದು ಅವನ ಪಟ್ಟಿ. ಆ ಶೀಶೆ ಈ ಮೇಜಿನ ಮೇಲೆ ಬಂದಾಗ ನೋಡ್ತೀನಿ, ಏನು ನಾಜೂಕು! ಹೂ ಕತ್ತರಿಸಿದ ಹಾಗೆ. ಇದು ಹುಡುಗಿ ಕೈ ಅಂತ ಆಗ್ಲೇ ಗೊತ್ತಾಯ್ತು."

"ಮತ್ತೆ ಅಪ್ಪನ್ನ ಯಾಕೆ..."

"ಅವನೇ ಬಂದು ತಲೆ ಕೊಟ್ನಲ್ಲ. ನಾನು ಬೇಡ ಅಂದಿದ್ರೆ ಏನಾಗ್ತಿತ್ತು? ಆ ಕೋಣೇಲಿ ಹುಡುಗಿಗೆ ಏನು ಕೆಲಸ ಅಂತ ಕೇಳ್ತಿದ್ರು. ಆಗ ಅವನೂ ಹೋಗ್ತಿದ್ದ, ನಾನೂ ಹೋಗ್ತಿದ್ದೆ, ನಿನ್ನ ಕಾಲೇಜೂ ಹೋಗ್ತಿತ್ತು. ಒಬ್ಬನಲ್ಲೇ ಮುಗೀತು." ಅವರು ಕನ್ನಡಕ ತೆಗೆದು ಕಣ್ಣು ಒತ್ತಿಕೊಂಡರು. ಕನ್ನಡಕವಿಲ್ಲದ ಮುಖ ದಣಿದ ಕುದುರೆಯ ಹಾಗೆ ಕಂಡಿತು. "ನಿನ್ನ ಕೈಲಿ ಹೋದ ಜೀವ ಒಂದು. ನಂದು ಹನ್ನೊಂದು. ಮುಖ ನೆನಪಿರೋದು ಹನ್ನೊಂದು, ಮರೆತದ್ದು ದೇವರಿಗೆ ಗೊತ್ತು. ಯಾರ ಹತ್ರಾನೂ ಹೋಗಿ ಹೇಳಿಲ್ಲ. ಹೇಳಿದ್ರೆ ಹೇಳಿದೋರಿಗೆ ಹಗುರ, ಕೇಳಿದೋರಿಗೆ ಭಾರ. ಆ ಗಡಿಯಾರದವನಿಗೆ ಈಗ ಬಯ್ಯೋಕೆ ಒಬ್ಬ ಇದ್ದಾನೆ. ಅದನ್ನೂ ಕಿತ್ಕೋತೀಯ? ತಗೋ ಇದನ್ನ. ಒಳ್ಳೇ ಕೈ ಅಂತ ಬರ್ದಿದ್ದೀನಿ. ಇನ್ಮೇಲೆ ಒಳ್ಳೇದಾಗಿರುತ್ತೆ, ನೋಡು. ಒಬ್ಬರು ಸತ್ತ ಮೇಲೇ ಕೈ ಹುಷಾರಾಗೋದು."

ಅವಳು ಕಾಗದ ತೆಗೆದುಕೊಂಡಳು. ಅದನ್ನು ಹರಿದು ಮೇಜಿನ ಮೇಲೆ ಎಸೆಯುವ ಹುಡುಗಿಯೊಬ್ಬಳು ತನ್ನೊಳಗೆ ಇದ್ದಾಳೆಂದು ಬೆಳಿಗ್ಗೆಯವರೆಗೆ ನಂಬಿದ್ದಳು. ಆ ಹುಡುಗಿ ಬರಲಿಲ್ಲ. ಬಂದವಳು ಕಾಗದವನ್ನು ಮಡಚಿ, ಬೆವರು ತಾಗದ ಹಾಗೆ ಕರವಸ್ತ್ರದಲ್ಲಿ ಸುತ್ತಿ, "ಬರ್ತೀನಿ" ಎಂದು ಬಗ್ಗಿ ಹೇಳಿದಳು. ಹೊರಗೆ ಪಡಸಾಲೆಯ ಬೆಂಚಿನ ಮೇಲೆ ಇವತ್ತೂ ರೋಗಿಗಳಿದ್ದರು. ಹೊಸ ಕಾಂಪೌಂಡರ್ ಕಿಟಕಿಯಲ್ಲಿ ಯಾರ ಮೇಲೋ ರೇಗುತ್ತಿದ್ದ. ಹಿಂದಿನ ದಾರಿಯಲ್ಲಿ ಬೇಗ ಬೇಗ ನಡೆಯುತ್ತಿದ್ದಾಗ ಅವಳಿಗೆ ಒಂದು ವಿಚಾರ ಹೊಳೆಯಿತು. ಡಾಕ್ಟರಿಗೆ ಗೊತ್ತಿತ್ತು. ಅಂದರೆ ಈ ಊರಿನಲ್ಲಿ ಒಬ್ಬರಾದರೂ ಅಪ್ಪನನ್ನು ಕುಡುಕ ಎಂದುಕೊಂಡಿಲ್ಲ, ಕೈಲಾಗದವನು ಎಂದುಕೊಂಡಿಲ್ಲ. ಅದೂ ಡಾಕ್ಟರು! ಆರು ತಿಂಗಳಿಂದ ಅವನಿಗೆ ಕೊಡಲು ಅವಳ ಬಳಿ ಏನೂ ಇರಲಿಲ್ಲ. ಈಗ ಇದಿತ್ತು. ಅವಳು ಹೆಚ್ಚುಕಡಿಮೆ ಓಡಿದಳು.

ಅಪ್ಪ ಊಟ ಮುಗಿಸಿ ಜಗುಲಿಯಲ್ಲಿ ಕೂತಿದ್ದ. ಪೆಟ್ಟಿಗೆಗೆ ಹಗ್ಗ ಕಟ್ಟಿಯಾಗಿತ್ತು. ಬೆಳಿಗ್ಗೆಯ ಸಿಟ್ಟು ಪೂರ್ತಿ ಇಳಿದು, ಗುಂಡಿಗಳನ್ನೂ ಸರಿಯಾಗಿ ಹಾಕಿಕೊಂಡಿದ್ದ. "ಕೊಟ್ರಾ?" ಎಂದ. ಅವಳು ಕರವಸ್ತ್ರ ತೋರಿಸಿದಳು. ಅವನ ಮುಖ ಅರಳಿದ್ದು ನೋಡಿ ಅವಳಿಗೆ ತಡೆಯಲಾಗಲಿಲ್ಲ.

"ಅಪ್ಪಾ, ನಾನು ಹೇಳ್ದೆ. ಬಯ್ಬೇಡ, ಪೂರ್ತಿ ಕೇಳು. ಹೇಳಿದ್ರೂ ಕೊಟ್ರು. ಅವರಿಗೆ ಮೊದಲಿಂದ ಗೊತ್ತಿತ್ತಂತೆ. ಅದು ನಿನ್ನ ಕೈ ಅಲ್ಲ ಅಂತ ಶೀಶೆ ನೋಡಿದ ಕೂಡ್ಲೇ ಗೊತ್ತಾಯ್ತಂತೆ. ನಿನ್ನ ಮೇಲೆ ಒಂದು ದಿನಾನೂ ಅನುಮಾನ ಪಟ್ಟಿಲ್ಲ ಅವರು!"

ಅತ್ತೆ ಒಳಗಿನಿಂದ ಕೈ ಒರೆಸಿಕೊಳ್ಳುತ್ತ ಬಂದು ಬಾಗಿಲಲ್ಲಿ ನಿಂತಳು.

"ಮೊದಲಿಂದ ಅಂದ್ರೆ?" ಎಂದ ಅಪ್ಪ.

"ಅಂದ್ರೆ... ಆವಾಗಿಂದಾನೇ."

"ಕೀಲಿ ಈಸ್ಕೊಳ್ಳೋಕೆ ಮುಂಚೆಯಾ, ಆಮೇಲಾ?"

ಅವಳು ಆಗ, ತಡವಾಗಿ, ಎಚ್ಚೆತ್ತಳು. ಸುಳ್ಳು ಹೇಳಬಹುದಾಗಿತ್ತು. ಆಮೇಲೆ ಎಂದರೆ ಸಾಕಾಗಿತ್ತು. ಒಂದೇ ಶಬ್ದ. ಆದರೆ ಆವತ್ತು ಬೆಳಿಗ್ಗೆಯಿಂದ ನಿಜ ಹೇಳುವುದೇ ದೊಡ್ಡದೆಂದು ಹಟ ಹಿಡಿದಿದ್ದ ನಾಲಿಗೆ, "ಮುಂಚೆ" ಎಂದಿತು.

ಅವನು ಕೂಗಲಿಲ್ಲ. ಕೂಗಿದ್ದರೆ ಚೆನ್ನಾಗಿತ್ತು. ತನ್ನ ಎರಡು ಅಂಗೈಗಳನ್ನೂ ನೋಡಿಕೊಂಡ. "ಮೂರು ಸಲ ಹೇಳಿಸಿದ್ರು" ಎಂದ, ಯಾರಿಗೂ ಅಲ್ಲ. "ನಾನು ಅವರನ್ನ ನಂಬಿಸ್ದೆ ಅಂದ್ಕೊಂಡಿದ್ದೆ. ಹೆಂಗೆ ನಂಬಿಸ್ದೆ ನೋಡು ಅಂತ ಒಬ್ಬನೇ ಕೂತು ಎಷ್ಟೋ ಸಲ ನಕ್ಕಿದ್ದೀನಿ. ಎಣ್ಣೆ ತುಂಬಿಸ್ತಾ ತುಂಬಿಸ್ತಾ." ಆರು ತಿಂಗಳು ಅವನು ಏನನ್ನು ತಿಂದು ಬದುಕಿದ್ದನೆಂದು ಅವಳಿಗೆ ಗೊತ್ತಾದದ್ದು ಆಗ. ತನ್ನ ಮಾನವನ್ನು ಯಾರಿಗೂ ತಿಳಿಯದಂತೆ ಮಗಳಿಗಾಗಿ ಕೊಟ್ಟೆನೆಂಬ ಒಂದು ಗುಟ್ಟು. ಅದನ್ನು ಅವಳು ಈಗ ತಾನೆ, ಉಡುಗೊರೆ ಕೊಡುವವಳ ಹಾಗೆ ಓಡಿಬಂದು, ಕಿತ್ತುಕೊಂಡಿದ್ದಳು. ಅವನು ಗುಟ್ಟೆಂದು ಬಚ್ಚಿಟ್ಟುಕೊಂಡದ್ದನ್ನು ಇನ್ನೊಬ್ಬರು ಎದುರಿಗೇ ಕೂತು, ಪೆನ್ಸಿಲು ಕೆತ್ತುತ್ತ, ನೋಡುತ್ತಿದ್ದರು.

"ಅಪ್ಪಾ" ಎಂದಳು.

ಅವನು ಎದ್ದು ಚಪ್ಪಲಿ ಮೆಟ್ಟಿದ. ಅತ್ತೆ, "ಎಲ್ಲಿಗೋ? ಗಾಡಿ ಬರೋ ಹೊತ್ತಾಯ್ತು. ಮಗಳನ್ನ ಕಳಿಸೋಲ್ವಾ?" ಎಂದಳು.

"ಕಳಿಸಿಯಾಯ್ತು" ಎಂದ. ತಿರುಗಿ ನೋಡಲಿಲ್ಲ. ಎಣ್ಣೆ ಅಂಗಡಿಯ ಕಡೆಗೂ ಹೋಗಲಿಲ್ಲ, ಆಸ್ಪತ್ರೆಯ ಕಡೆಗೂ ಹೋಗಲಿಲ್ಲ. ಮೂರನೆಯ ದಾರಿಯೊಂದು ಆ ಬೀದಿಗೆ ಇತ್ತೆಂಬುದನ್ನೇ ಅವರು ಮರೆತಿದ್ದರು. ಅದರಲ್ಲಿ ಹೋದ, ಅವಸರವಿಲ್ಲದೆ, ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು.

ಗಾಡಿಯವನು ಬಂದು ಮೂರು ಸಲ ಕೂಗಿದ. ಅತ್ತೆ ಪೆಟ್ಟಿಗೆಯನ್ನು ತಾನೇ ಹೊತ್ತು ಗಾಡಿಯಲ್ಲಿಟ್ಟು, "ಹೋಗು. ಸಿಟ್ಟು ಇಳಿದ್ರೆ ಬರ್ತಾನೆ. ನೀನಿಲ್ಲಿ ಕೂತ್ರೆ ಇನ್ನೂ ಏರುತ್ತೆ" ಎಂದು ಅವಳ ಬೆನ್ನಿಗೆ ಕೈಯಿಟ್ಟು ನೂಕಿದಳು. ಅವಳು ಹೋದಳು. ಹೋಗಬಾರದಾಗಿತ್ತು ಎಂದು ಅನ್ನಿಸಿದ ದಿನಗಳಿವೆ, ಹೋಗದೆ ಉಳಿದಿದ್ದರೆ ಅದು ಅವನಿಗೆ ಎರಡನೆಯ ಹೊಡೆತವಾಗುತ್ತಿತ್ತು ಎನ್ನಿಸಿದ ದಿನಗಳೂ ಇವೆ. ಸ್ಟೇಷನ್ನಿನಲ್ಲಿ ಇದ್ದಾನೆಂದು ಹುಡುಕಿದಳು. ರೈಲು ಬಿಟ್ಟ ಮೇಲೂ ಎರಡೂ ಕಡೆಯ ಕಿಟಕಿಗಳಿಂದ ನೋಡಿದಳು. ಮರುದಿನ ಐದು ಜನ ಗಂಡಸರ ಮುಂದೆ ನಿಂತು ಕೇಳಿದ್ದಕ್ಕೆಲ್ಲ ಸರಿಯಾಗಿ ಉತ್ತರ ಹೇಳಿದಳು. ಇಬ್ಬರಲ್ಲಿ ಒಬ್ಬಳಾದಳು.

ಅತ್ತೆಗೆ ಓದು ಬರಹ ಬರುತ್ತಿರಲಿಲ್ಲ. ಅಂಚೆಯವನಿಂದ ಬರೆಸಿ ತಿಂಗಳಿಗೊಂದು ಕಾಗದ ಹಾಕುತ್ತಿದ್ದಳು. ಹೊಸ್ತಿಲು ಸವೆದದ್ದು, ಪಕ್ಕದ ಮನೆಯವಳ ಕುತ್ತಿಗೆ ಇನ್ನೂ ಸರಿಹೋಗದ್ದು, ತನ್ನ ಮೊಣಕಾಲು, ಹೀಗೆ ಏನೇನೋ ಇರುತ್ತಿತ್ತು. ಪ್ರತಿ ಕಾಗದದ ಮೊದಲ ಸಾಲು ಮಾತ್ರ ಒಂದೇ: "ಅವನು ಇನ್ನೂ ಬಂದಿಲ್ಲ." ಐದನೆಯ ವರ್ಷದ ಕಾಗದಗಳಲ್ಲಿ ಆ ಸಾಲು ಇರಲಿಲ್ಲ. ಬಂದನೆಂಬ ಸಾಲೂ ಇರಲಿಲ್ಲ.